ಕಪ್ಪು ಪರದೆಯಲ್ಲಿ ಕೆಲಸ ಕಾಣೆಯಾದರೆ: ನಿಂತಿದೆಯಾ, ಅಡಗಿದೆಯಾ, ಸತ್ತಿದೆಯಾ?

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಅಡಿಕೆ ತೋಟದ ಮನೆ. ಅಪ್ಪ 30 ವರ್ಷಕ್ಕೂ ಹೆಚ್ಚು ಕಾಲದಿಂದ ದಿನಾ ಬೆಳಿಗ್ಗೆ 8:30ಕ್ಕೆ ಅಂಗಳದ ಮಳೆ ಮಾಪಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದಾರೆ. ತಾರೀಕು, ಮಿಲಿಮೀಟರ್, ಯಾವ ಮಳೆ ಅನ್ನೋದು: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಆ ನೋಟ್‌ಬುಕ್ಕುಗಳ ಅಂಚಿಗೆ ಈಗ ಬೂಷ್ಟು ಹಿಡಿದಿದೆ. ಹಾಳಾಗುವ ಮೊದಲು ಎಲ್ಲ ಪುಟಗಳ ಫೋಟೊ ತೆಗೆದು, ಅಂಕಿಗಳನ್ನು ಟೈಪ್ ಮಾಡಿ, ಒಂದು ಪ್ರತಿಯನ್ನು ಶಿವಮೊಗ್ಗದ ತಂಗಿ ಮನೆಯ ಕಂಪ್ಯೂಟರಿಗೆ ಕಳಿಸಿಡಬೇಕು ಅಂತ ಹೊರಟೆ.

ಇದಕ್ಕೆ ಉಪ್ಪರಿಗೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2 ಜಿಬಿ ರ‍್ಯಾಮ್. ಅದಕ್ಕೆ ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ, ಡೆಸ್ಕ್‌ಟಾಪ್ ಇಲ್ಲ, ಬರೀ ಅಕ್ಷರಗಳ ಕಪ್ಪು ಪರದೆ. ಆ ಪರದೆಯಲ್ಲೇ ಮೂರು ಕೆಲಸ ಒಟ್ಟೊಟ್ಟಿಗೆ ನಡೆಯಬೇಕು. ಫೋಟೊ ಚಿಕ್ಕದು ಮಾಡಿ ಅಂಕಿ ಸೇರಿಸುವ ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಒಂದು. ಶಿವಮೊಗ್ಗಕ್ಕೆ ಫೈಲ್ ಕಳಿಸುವ ಆರ್‌ಸಿಂಕ್ ಇನ್ನೊಂದು. ನಾನು ಕೂತು ಅಂಕಿ ಹೊಡೆಯುವ ನ್ಯಾನೊ ಎಡಿಟರ್ ಮತ್ತೊಂದು. ಕಿಟಕಿಗಳಿಲ್ಲದ ಜಾಗದಲ್ಲಿ ಮೂರು ಕೆಲಸ ಮಾಡಿದರೆ ಒಂದಲ್ಲ ಒಂದು ಕಣ್ಣಿಗೆ ಬೀಳದೆ ಹೋಗುತ್ತದೆ. ಹಾಗೆ ಹೋದಾಗ ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಅದೇ ಆಜ್ಞೆಯನ್ನು ಮತ್ತೆ ಹೊಡೆಯಬೇಡಿ

ಕೆಲಸ ಕಾಣಿಸುತ್ತಿಲ್ಲ ಅಂದ ಕೂಡಲೇ ಎಲ್ಲರೂ ಮಾಡುವುದು ಒಂದೇ: ಮೇಲ್ಮುಖ ಬಾಣದ ಕೀಲಿ, ಎಂಟರ್, ಮತ್ತೆ ಶುರು. ನಾನೂ ಅದನ್ನೇ ಮಾಡಿದೆ. ಅದರಿಂದ ಏನಾಯಿತು ಅನ್ನೋದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಕಾಣದ ಕೆಲಸ ಮೂರು ಸ್ಥಿತಿಯಲ್ಲಿ ಯಾವುದಾದರೂ ಒಂದರಲ್ಲಿ ಇರುತ್ತದೆ. ನಿಂತಿರಬಹುದು. ಬೇರೆ ಎಲ್ಲೋ ಓಡುತ್ತಿರಬಹುದು. ಇಲ್ಲವಾದರೆ ಸತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ರೋಗ ಜಾಸ್ತಿ ಆಗುತ್ತದೆ.

ಪತ್ತೆ ಮಾಡಲು ಎರಡು ಆಜ್ಞೆ. ಮೊದಲನೆಯದು:

ಜಾಬ್ಸ್ -ಎಲ್

ಇದು ಈಗ ನೀವು ಕೂತಿರುವ ಶೆಲ್ಲಿನಿಂದ (ಹೊಡೆದ ಆಜ್ಞೆ ಓದಿ ನಡೆಸುವ ತಂತ್ರಾಂಶ) ಶುರುವಾದ ಕೆಲಸಗಳನ್ನು ಮಾತ್ರ ತೋರಿಸುತ್ತದೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದೇ ಯಂತ್ರದಲ್ಲಿ ಇಂಥ ಕಪ್ಪು ಪರದೆ ಹಲವು ಇರುತ್ತವೆ, ಅವಕ್ಕೆ ಕನ್ಸೋಲ್ ಅನ್ನುತ್ತಾರೆ. ಎರಡನೇ ಕನ್ಸೋಲಿನಲ್ಲಿ ಶುರು ಮಾಡಿದ ಕೆಲಸವನ್ನು ಮೊದಲನೇ ಕನ್ಸೋಲಿನಲ್ಲಿ ಜಾಬ್ಸ್ ಅಂತ ಕೇಳಿದರೆ ಏನೂ ಬರುವುದಿಲ್ಲ. ಖಾಲಿ ಬಂತು ಅಂದರೆ ಕೆಲಸ ಇಲ್ಲ ಅಂತ ಅಲ್ಲ, ಈ ಶೆಲ್ಲಿಗೆ ಗೊತ್ತಿಲ್ಲ ಅಂತ ಅಷ್ಟೇ. ಆಗ ಎರಡನೆಯದು:

ಪಿಎಸ್ ಎಕ್ಸ್

ಇದು ನಿಮ್ಮ ಹೆಸರಿನಲ್ಲಿರುವ ಎಲ್ಲ ಕೆಲಸಗಳನ್ನೂ ತೋರಿಸುತ್ತದೆ, ಯಾವ ಪರದೆಯದ್ದಾದರೂ ಸರಿ. ಎಕ್ಸ್ ಮುಂದೆ ಅಡ್ಡಗೆರೆ ಇಲ್ಲ. ಇದರಲ್ಲಿ ಎರಡು ಕಂಬಸಾಲು ನೋಡಿ. ಎರಡನೆಯದು ಟಿಟಿವೈ: ಕೆಲಸ ಯಾವ ಪರದೆಗೆ ಕಟ್ಟಿಕೊಂಡಿದೆ ಅಂತ. ಟಿಟಿವೈ2 ಅಂದರೆ ಎರಡನೇ ಕನ್ಸೋಲ್. ಪಿಟಿಎಸ್ ಅಂತ ಇದ್ದರೆ ಎಸ್‌ಎಸ್‌ಎಚ್ (ಇನ್ನೊಂದು ಯಂತ್ರದಿಂದ ಜಾಲದ ಮೇಲೆ ಲಾಗಿನ್ ಆಗುವ ದಾರಿ) ಮೂಲಕ ಬಂದದ್ದು ಅಥವಾ ಟೀಮಕ್ಸ್ (ಟಿಎಂಯುಎಕ್ಸ್, ಇದರ ವಿಷಯ ಮುಂದೆ ಬರುತ್ತದೆ) ಒಳಗಿನದ್ದು. ಪ್ರಶ್ನೆಚಿಹ್ನೆ ಇದ್ದರೆ ಯಾವ ಪರದೆಗೂ ಸೇರಿಲ್ಲ. ಮೂರನೆಯದು ಸ್ಟ್ಯಾಟ್, ಅಂದರೆ ಸ್ಥಿತಿ. ಅಲ್ಲಿನ ಮೊದಲ ಅಕ್ಷರದಲ್ಲೇ ಅರ್ಧ ಉತ್ತರ ಇದೆ. ಆರ್ ಅಂದರೆ ಓಡುತ್ತಿದೆ. ಎಸ್ ಅಂದರೆ ಯಾವುದಕ್ಕೋ ಕಾಯುತ್ತಾ ಮಲಗಿದೆ, ಅದು ಆರೋಗ್ಯದ ಲಕ್ಷಣವೇ. ದೊಡ್ಡ ಟಿ ಅಂದರೆ ನಿಲ್ಲಿಸಲಾಗಿದೆ. ಡಿ ಅಂದರೆ ಡಿಸ್ಕಿನ ಮುಂದೆ ಸಿಕ್ಕಿಬಿದ್ದಿದೆ. ಝಡ್ ಅಂದರೆ ಸತ್ತಿದೆ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿದೆ.

ದೊಡ್ಡ ಟಿ ಕಂಡರೆ

ನನ್ನ ಮನೆಯಲ್ಲಿ ಹತ್ತಕ್ಕೆ ಏಳು ಸಲ ಕಂಡದ್ದು ಇದೇ. ಕಾರಣ ಕಂಟ್ರೋಲ್-ಝಡ್. ಬೇರೆ ಕಡೆ ಈ ಜೋಡಿ ಕೀಲಿ ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಇದೆ. ಲಿನಕ್ಸ್ ಶೆಲ್ಲಿನಲ್ಲಿ ಅದು ಮುಂದಿರುವ ಕೆಲಸಕ್ಕೆ 'ಅಲ್ಲೇ ನಿಲ್ಲು' ಅನ್ನುವ ಸಂಕೇತ. ಕೆಲಸ ಮುಗಿಯುವುದಿಲ್ಲ, ಸಾಯುವುದೂ ಇಲ್ಲ. ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲುತ್ತದೆ. ರ‍್ಯಾಮಿನಲ್ಲಿ ಅದರ ಜಾಗ ಹಾಗೇ ಇರುತ್ತದೆ, ತೆರೆದ ಫೈಲುಗಳು ತೆರೆದೇ ಇರುತ್ತವೆ. ನಿಜವಾಗಿ ಕೊಲ್ಲಬೇಕಿದ್ದರೆ ಒತ್ತಬೇಕಾದದ್ದು ಕಂಟ್ರೋಲ್-ಸಿ. ಕೀಲಿಮಣೆಯಲ್ಲಿ ಝಡ್ಡಿಗೂ ಸಿಗೂ ನಡುವೆ ಇರುವುದು ಒಂದೇ ಕೀಲಿ.

ನಿಂತ ಕೆಲಸವನ್ನು ಮತ್ತೆ ನಡೆಸಲು ಎರಡು ದಾರಿ. ಎಫ್‌ಜಿ %1 ಅಂದರೆ ಒಂದನೇ ಕೆಲಸ ಕಣ್ಣ ಮುಂದೆ ಬಂದು ಮುಂದುವರಿಯುತ್ತದೆ. ಬಿಜಿ %1 ಅಂದರೆ ಹಿಂದೆ ಇದ್ದುಕೊಂಡೇ ಮುಂದುವರಿಯುತ್ತದೆ, ನೀವು ಇಲ್ಲಿ ಬೇರೆ ಕೆಲಸ ಮಾಡಬಹುದು. ಶೇಕಡಾ ಗುರುತಿನ ಮುಂದಿನ ಸಂಖ್ಯೆ ಜಾಬ್ಸ್ ಪಟ್ಟಿಯಲ್ಲಿ ಚೌಕ ಕಂಸದೊಳಗೆ ಇರುತ್ತದೆ. ಮೊದಲೇ ಹಿಂದಕ್ಕೆ ಕಳಿಸಬೇಕಿದ್ದರೆ ಆಜ್ಞೆಯ ಕೊನೆಗೆ & ಹಾಕಿ.

ಕೆಲಸ ಬೇರೆ ಕನ್ಸೋಲಿನದ್ದಾಗಿದ್ದರೆ ಆ ಕನ್ಸೋಲಿಗೇ ಹೋಗಿ ಎಫ್‌ಜಿ ಕೊಡುವುದು ಒಳ್ಳೆಯದು. ಹೋಗಲು ಆಗದಿದ್ದರೆ ಪಿಎಸ್ ತೋರಿಸಿದ ಕೆಲಸದ ಸಂಖ್ಯೆ ತಗೊಂಡು ಕಿಲ್ -ಕಾಂಟ್ ಅಂತ ಕೊಟ್ಟು ಆ ಸಂಖ್ಯೆ ಬರೆಯಿರಿ. ಕಾಂಟ್ ಅನ್ನೋದು ಕಂಟಿನ್ಯೂ ಪದದ ಮೊದಲ ನಾಲ್ಕು ಅಕ್ಷರ, ದೊಡ್ಡಕ್ಷರದಲ್ಲಿ. ಆಜ್ಞೆಯ ಹೆಸರು ಕಿಲ್ ಆದರೂ ಇಲ್ಲಿ ಅದು ಕೊಲ್ಲುವುದಿಲ್ಲ, 'ನಡಿ' ಅನ್ನುತ್ತದೆ.

ಆದರೆ ಇನ್ನೊಂದು ಬಗೆಯ ನಿಲ್ಲುವಿಕೆ ಇದೆ. ಅದು ನನ್ನ ಎರಡು ರಾತ್ರಿ ತಿಂದಿತು. ಆರ್‌ಸಿಂಕ್ ಆಜ್ಞೆಯ ಕೊನೆಗೆ & ಹಾಕಿ ಎಂಟರ್ ಹೊಡೆದೆ. ಸರಿ, ಹಿಂದೆ ಓಡುತ್ತಿದೆ ಅಂದುಕೊಂಡು ನ್ಯಾನೊ ತೆರೆದು ಅಂಕಿ ಹೊಡೆಯಲು ಕೂತೆ. ಬೆಳಿಗ್ಗೆ ಅಳಿಯ ಶಿವಮೊಗ್ಗದಿಂದ ಫೋನ್ ಮಾಡಿದ.

"ಮಾವ, ಇಲ್ಲಿಗೆ ಒಂದು ಫೈಲೂ ಬಂದಿಲ್ಲ."

"ಇರು ಮಾರಾಯ, ರಾತ್ರಿಯೇ ಹಾಕಿದೀನಿ."

"ಹಾಕಿರಬಹುದು ಮಾವ. ಪಾಸ್‌ವರ್ಡ್ ಕೊಟ್ರಾ?"

ಅಲ್ಲೇ ಇತ್ತು ವಿಷಯ. ಹಿಂದೆ ಓಡುವ ಕೆಲಸಕ್ಕೆ ಕೀಲಿಮಣೆಯಿಂದ ಓದುವ ಹಕ್ಕಿಲ್ಲ. ಒಂದು ಪರದೆಯ ಕೀಲಿಮಣೆ ಒಂದು ಹೊತ್ತಿಗೆ ಮುಂದಿರುವ ಕೆಲಸಕ್ಕೆ ಮಾತ್ರ. ಹಿಂದಿನದ್ದು ಪಾಸ್‌ವರ್ಡ್ ಕೇಳಲು ಹೋದ ಕ್ಷಣವೇ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದನ್ನು ನಿಲ್ಲಿಸಿಬಿಡುತ್ತದೆ. ಜಾಬ್ಸ್ ಹೊಡೆದರೆ 'ಸ್ಟಾಪ್ಡ್' ಅಂತ ಬರುತ್ತದೆ. ಜಾಬ್ಸ್ -ಎಲ್ ಅಂದರೆ ಪಕ್ಕದಲ್ಲೇ ಟಿಟಿವೈ ಇನ್‌ಪುಟ್ ಅಥವಾ ಟಿಟಿವೈ ಔಟ್‌ಪುಟ್ ಅಂತ ಕಾರಣವೂ ಬರುತ್ತದೆ. ಈ ಎರಡು ಮಾತು ಕಂಡರೆ ಬಿಜಿ ಕೊಟ್ಟು ಉಪಯೋಗ ಇಲ್ಲ. ಕೊಟ್ಟ ಮರುಕ್ಷಣ ಮತ್ತೆ ನಿಲ್ಲುತ್ತದೆ. ಎಫ್‌ಜಿ ಕೊಟ್ಟು, ಅದು ಕೇಳಿದ್ದಕ್ಕೆ ಉತ್ತರ ಹೇಳಿ, ಆಮೇಲೆ ಕಂಟ್ರೋಲ್-ಝಡ್ ಒತ್ತಿ ಬಿಜಿ ಕೊಡಿ. ಶಾಶ್ವತ ಪರಿಹಾರ ಅಂದರೆ ಪಾಸ್‌ವರ್ಡೇ ಕೇಳದ ಹಾಗೆ ಮಾಡುವುದು. ಎಸ್‌ಎಸ್‌ಎಚ್-ಕೀಜೆನ್ ಒಂದು ಸಲ, ಎಸ್‌ಎಸ್‌ಎಚ್-ಕಾಪಿ-ಐಡಿ ಒಂದು ಸಲ ಓಡಿಸಿದರೆ ಆಯಿತು. ನಾನು ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಪರದೆಯೇ ಕಲ್ಲಾದರೆ

ಏನು ಒತ್ತಿದರೂ ಅಕ್ಷರ ಬೀಳುವುದಿಲ್ಲ. ಗಾಬರಿಯಿಂದ ಪವರ್ ಬಟನ್ನಿಗೆ ಕೈ ಹೋಗುತ್ತದೆ. ಅದಕ್ಕೆ ಮೊದಲು ಕಂಟ್ರೋಲ್-ಕ್ಯೂ ಒತ್ತಿ.

ನ್ಯಾನೊದ ಈಗಿನ ಆವೃತ್ತಿಗಳಲ್ಲಿ ಕಂಟ್ರೋಲ್-ಎಸ್ ಅಂದರೆ ಫೈಲ್ ಉಳಿಸು. ಕೈಗೆ ಅದು ರೂಢಿ ಆಗಿರುತ್ತದೆ. ನ್ಯಾನೊ ಮುಚ್ಚಿ ಶೆಲ್ಲಿಗೆ ಬಂದ ಮೇಲೂ ಬೆರಳು ಅಭ್ಯಾಸಬಲದಿಂದ ಅದನ್ನೇ ಒತ್ತುತ್ತದೆ. ಶೆಲ್ಲಿನಲ್ಲಿ ಅದರ ಅರ್ಥ ಬೇರೆ: ಪರದೆಗೆ ಬರೆಯುವುದನ್ನು ತಡೆಹಿಡಿ. ಟೆಲಿಪ್ರಿಂಟರ್ ಕಾಲದ ಸಂಕೇತ ಅದು, ಎದುರಿನ ಯಂತ್ರಕ್ಕೆ ಸ್ವಲ್ಪ ತಡಿ ಅನ್ನಲು. ಕಂಟ್ರೋಲ್-ಕ್ಯೂ ಅಂದರೆ ಇನ್ನು ಬಿಡು. ಒತ್ತಿದ ಕೂಡಲೇ ಅಷ್ಟು ಹೊತ್ತು ನೀವು ಹೊಡೆದದ್ದೆಲ್ಲ ಒಮ್ಮೆಲೇ ಪರದೆಗೆ ಬರುತ್ತದೆ. ಆದ್ದರಿಂದ ಕಲ್ಲಾದ ಪರದೆಯ ಮೇಲೆ ಸಿಟ್ಟಿನಿಂದ ಏನೇನೋ ಟೈಪ್ ಮಾಡಬೇಡಿ, ಎಲ್ಲವೂ ಆಜ್ಞೆಗಳಾಗಿ ಓಡಬಹುದು. ಎಸ್‌ಟಿಟಿವೈ -ಐಎಕ್ಸ್‌ಆನ್ ಅಂತ ನಿಮ್ಮ ಬ್ಯಾಶ್‌ಆರ್‌ಸಿ ಫೈಲಿಗೆ (ಶೆಲ್ ಶುರುವಾಗುವಾಗ ಓದುವ ಫೈಲ್) ಸೇರಿಸಿದರೆ ಈ ತೊಂದರೆಯೇ ಇಲ್ಲ. ಕಂಪ್ಯೂಟರಿನ ಎದುರೇ ಕೂತಿದ್ದರೆ ಸ್ಕ್ರೋಲ್ ಲಾಕ್ ಕೀಲಿಯನ್ನೂ ಒಮ್ಮೆ ನೋಡಿ. ಲಿನಕ್ಸ್ ಕನ್ಸೋಲಿನಲ್ಲಿ ಅದೂ ಇದೇ ಕೆಲಸ ಮಾಡುತ್ತದೆ.

ಕ್ಯೂ ಒತ್ತಿದರೂ ಬಿಡದಿದ್ದರೆ, ಮತ್ತೆ ನೀವು ಎಸ್‌ಎಸ್‌ಎಚ್ ಮೂಲಕ ಬಂದಿದ್ದರೆ, ಸಂಪರ್ಕ ಕಡಿದಿರುವ ಸಾಧ್ಯತೆ ಜಾಸ್ತಿ. ಎಂಟರ್ ಒತ್ತಿ, ಆಮೇಲೆ ~ ಗುರುತು, ಆಮೇಲೆ ಚುಕ್ಕಿ. ಈ ಮೂರನ್ನು ಸಾಲಾಗಿ ಒತ್ತಿದರೆ ಸತ್ತ ಎಸ್‌ಎಸ್‌ಎಚ್ ನಿಮ್ಮನ್ನು ಬಿಟ್ಟುಕೊಡುತ್ತದೆ.

ಅಡಗಿದ ಕೆಲಸ

ಪಿಎಸ್ ಪಟ್ಟಿಯಲ್ಲಿ ಕೆಲಸ ಇದೆ, ಸ್ಥಿತಿ ಎಸ್ ಅಥವಾ ಆರ್, ಆದರೆ ಕಣ್ಣಿಗೆ ಕಾಣದು. ಹಾಗಾದರೆ ಅದು ಚೆನ್ನಾಗಿಯೇ ಇದೆ, ನೀವು ಬೇರೆ ಪರದೆಯ ಮುಂದೆ ಇದ್ದೀರಿ. ಡೆಸ್ಕ್‌ಟಾಪ್ ಇಲ್ಲದ ಯಂತ್ರದಲ್ಲೂ ಸಾಮಾನ್ಯವಾಗಿ ಆರು ಕನ್ಸೋಲ್ ಸಿದ್ಧ ಇರುತ್ತವೆ. ಆಲ್ಟ್ ಹಿಡಿದು ಎಫ್1ರಿಂದ ಎಫ್6ರವರೆಗೆ ಒತ್ತಿ ನೋಡಿ, ಅಥವಾ ಆಲ್ಟ್ ಹಿಡಿದು ಎಡ-ಬಲ ಬಾಣ. ಒಂದೊಂದರಲ್ಲೂ ಬೇರೆ ಲಾಗಿನ್, ಬೇರೆ ಶೆಲ್. ಯಾವ ತಂತ್ರಾಂಶವೂ ಹೆಚ್ಚಿಗೆ ಬೇಡ. ಮನೆಯಲ್ಲಿ ಯಂತ್ರದ ಎದುರೇ ಕೂತು ಕೆಲಸ ಮಾಡುವವರಿಗೆ ಇಷ್ಟೇ ಸಾಕು ಅನ್ನೋದು ನನ್ನ ಅನಿಸಿಕೆ.

ಒಂದು ಮಾತು. ಮೊದಲು ಶಿಫ್ಟ್ ಹಿಡಿದು ಪೇಜ್‌ಅಪ್ ಒತ್ತಿದರೆ ಮೇಲೆ ಸರಿದುಹೋದ ಸಾಲುಗಳು ಮತ್ತೆ ಕಾಣುತ್ತಿದ್ದವು. 2020ರಲ್ಲಿ ಬಂದ ಕರ್ನಲ್ 5.9ರಲ್ಲಿ ಆ ಸೌಲಭ್ಯ ತೆಗೆದರು. ಈಗ ಅದು ಕೆಲಸ ಮಾಡುತ್ತಿಲ್ಲ ಅಂತ ಕೀಲಿಮಣೆ ಬದಲಿಸಲು ಹೋಗಬೇಡಿ. ಹಳೆಯ ಸಾಲು ಬೇಕಿದ್ದರೆ ಟೀಮಕ್ಸ್ ಬೇಕು.

ಟೀಮಕ್ಸ್ ಅಥವಾ ಸ್ಕ್ರೀನ್ ಬಳಸುವವರಿಗೆ ಕೆಲಸ ಅಡಗುವುದು ಇನ್ನೊಂದು ಕಡೆ. ಸ್ಕ್ರೀನ್ ಹಳೆಯದು, 1987ರದ್ದು. ಟೀಮಕ್ಸ್ 2007ರದ್ದು. ಎರಡರ ಉಪಾಯವೂ ಒಂದೇ: ನಿಮ್ಮ ಶೆಲ್ಲನ್ನು ಪರದೆಗೆ ನೇರ ಕಟ್ಟದೆ ನಡುವೆ ಒಂದು ಸರ್ವರ್, ಅಂದರೆ ಹಿಂದೆ ಓಡುತ್ತಲೇ ಇರುವ ತಂತ್ರಾಂಶ, ಇಡುವುದು. ಪರದೆ ಕಳಚಿಕೊಂಡರೂ ಒಳಗಿನ ಕೆಲಸಕ್ಕೆ ಅದು ಗೊತ್ತೇ ಆಗುವುದಿಲ್ಲ. ಟೀಮಕ್ಸ್ ಎಲ್‌ಎಸ್ ಅಂತ ಕೊಟ್ಟರೆ ಯಾವ ಯಾವ ಸೆಷನ್ ಜೀವಂತ ಇವೆ ಅಂತ ಪಟ್ಟಿ ಬರುತ್ತದೆ. ಟೀಮಕ್ಸ್ ಅಟ್ಯಾಚ್ -ಟಿ ಬರೆದು ಹೆಸರು ಕೊಟ್ಟರೆ ಅದರ ಒಳಗೆ ಹೋಗುತ್ತೀರಿ. ಸ್ಕ್ರೀನ್ ಆದರೆ ಸ್ಕ್ರೀನ್ -ಎಲ್‌ಎಸ್, ಆಮೇಲೆ ಸ್ಕ್ರೀನ್ -ಆರ್.

ಪಟ್ಟಿ ಕೇಳಿದಾಗ ಸರ್ವರ್ ಓಡುತ್ತಿಲ್ಲ ಅಂತ ಬಂದರೆ ಒಂದು ಕ್ಷಣ ನಿಲ್ಲಿ. ನೀವು ಯಾವ ಬಳಕೆದಾರರಾಗಿ ಕೇಳುತ್ತಿದ್ದೀರಿ? ಸುಡೊ ಹಾಕಿ ಶುರು ಮಾಡಿದ ಸೆಷನ್ ರೂಟ್, ಅಂದರೆ ಯಂತ್ರದ ಯಜಮಾನನ, ಹೆಸರಿನಲ್ಲಿ ಇರುತ್ತದೆ, ನಿಮ್ಮ ಪಟ್ಟಿಗೆ ಬರುವುದಿಲ್ಲ. ಅದೂ ಅಲ್ಲದಿದ್ದರೆ, ಪಿಎಸ್ ಎಕ್ಸ್ ನಲ್ಲಿ ಟೀಮಕ್ಸ್ ಕಾಣುತ್ತಿದ್ದೂ ಎಲ್‌ಎಸ್ ಇಲ್ಲ ಅನ್ನುತ್ತಿದ್ದರೆ, ಟಿಎಂಪಿ ಫೋಲ್ಡರಿನಲ್ಲಿದ್ದ ಅದರ ಸಾಕೆಟ್ ಫೈಲನ್ನು (ಸರ್ವರಿನ ಜೊತೆ ಮಾತಾಡುವ ಬಾಗಿಲು) ಯಾರೋ ಅಳಿಸಿರುತ್ತಾರೆ. ಆ ಸರ್ವರಿನ ಸಂಖ್ಯೆಗೆ ಕಿಲ್ -ಯುಎಸ್‌ಆರ್1 ಕಳಿಸಿ, ಇದೂ ದೊಡ್ಡಕ್ಷರ. ಟೀಮಕ್ಸ್ ಸಾಕೆಟ್ಟನ್ನು ಮತ್ತೆ ಹುಟ್ಟಿಸಿಕೊಳ್ಳುತ್ತದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಚೆನ್ನಾಗಿ ಓಡುತ್ತಿರುವ ಕೆಲಸವನ್ನು ಸುಮ್ನೆ ಕೊಂದು ಹೊಸದಾಗಿ ಶುರು ಮಾಡುತ್ತಾರೆ.

ಕನ್ನಡ ಹೆಸರಿನ ಫೈಲು ಚೌಕ ಚೌಕವಾಗಿ ಕಂಡರೆ

ಇದು ಬಹುಕೆಲಸದ ದೋಷ ಅಲ್ಲ, ಆದರೆ ನಮ್ಮವರು ಇದರಿಂದಲೇ ಹೆಚ್ಚು ಹೆದರುತ್ತಾರೆ. ನಾನು ಫೈಲಿಗೆ 'ಪುನರ್ವಸು' ಅಂತ ಹೆಸರಿಟ್ಟೆ. ಕನ್ಸೋಲಿನಲ್ಲಿ ಬರೀ ಚೌಕಗಳು ಬಂದವು. ಫೈಲ್ ಕೆಟ್ಟಿಲ್ಲ. ಲಿನಕ್ಸ್ ಕನ್ಸೋಲಿನ ಅಕ್ಷರಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಅಕ್ಷರ ರೂಪಗಳಿಗೆ ಜಾಗ. ನಮ್ಮ ಗುಣಿತ, ಒತ್ತಕ್ಷರ ಜೋಡಿಸುವ ಕೆಲಸ ಅದಕ್ಕೆ ಬರುವುದೇ ಇಲ್ಲ. 'ರ್ವ' ಬರೆಯಬೇಕಾದರೆ ವ ಬರೆದು ಪಕ್ಕಕ್ಕೆ ಅರ್ಕಾವತ್ತು ಹಾಕಬೇಕು, ಅಲ್ವಾ? ಆ ಜೋಡಣೆ ಗೊತ್ತಿರುವ ತಂತ್ರಾಂಶ ಬೇರೆ ಬೇಕು. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ನೋಡಿದರೆ ಅದೇ ಫೈಲ್ ಕನ್ನಡದಲ್ಲೇ ಕಾಣುತ್ತದೆ, ಯಾಕೆಂದರೆ ಅಕ್ಷರ ಬಿಡಿಸುವುದು ಲ್ಯಾಪ್‌ಟಾಪ್.

ಲ್ಯಾಪ್‌ಟಾಪಿನಲ್ಲಿ ಟೀಮಕ್ಸ್ ಒಳಗೆ ಮಾತ್ರ ಕನ್ನಡದ ಬದಲು ಅಡಿಗೆರೆಗಳು ಬಂದರೆ, ಟೀಮಕ್ಸಿಗೆ ನಿಮ್ಮ ಪರದೆ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರ ಹಿಡಿಯುವ ಸಂಕೇತ ಪದ್ಧತಿ) ಅಂತ ಗೊತ್ತಾಗಿಲ್ಲ. ಟೀಮಕ್ಸ್ -ಯು ಅಟ್ಯಾಚ್ ಅಂತ ಒಳಗೆ ಹೋಗಿ. ಲೊಕೇಲ್ ಆಜ್ಞೆಯ ಉತ್ತರದಲ್ಲಿ ಯುಟಿಎಫ್-8 ಇದೆಯಾ ಅಂತಲೂ ನೋಡಿ. ಹಾಗೆ ಕಾಣದ ಹೊತ್ತಿನಲ್ಲಿ ದಯವಿಟ್ಟು ಫೈಲಿನ ಹೆಸರು ಬದಲಿಸಬೇಡಿ, ಅಳಿಸಬೇಡಿ.

ಸತ್ತಿದ್ದರೆ, ಯಾವುದರಿಂದ

ಪಿಎಸ್ ಪಟ್ಟಿಯಲ್ಲಿ ಇಲ್ಲ ಅಂದರೆ ಮೊದಲು ಅಪ್‌ಟೈಮ್ -ಎಸ್ ಹೊಡೆಯಿರಿ. ಯಂತ್ರ ಯಾವಾಗ ಆನ್ ಆಯಿತು ಅಂತ ಹೇಳುತ್ತದೆ. ಕೆಲಸ ಶುರು ಮಾಡಿದ ನಂತರದ ಹೊತ್ತು ಬಂದರೆ ಮುಗಿಯಿತು, ನಡುವೆ ಯಂತ್ರವೇ ಆರಿದೆ. ನಮ್ಮ ಕಡೆ ಇದು ಮಾಮೂಲು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಪುನರ್ವಸು ಹಿಡಿದರೆ ದಿನಕ್ಕೊಂದು ಮರ ಲೈನ್ ಮೇಲೆ ಬೀಳುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆ ಬಿಡಿಸಬೇಕು. ಟೀಮಕ್ಸ್ ಹಾಕಿದರೆ ಕರೆಂಟ್ ಹೋದರೂ ಕೆಲಸ ಉಳಿಯುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಉಳಿಯುವುದಿಲ್ಲ. ಟೀಮಕ್ಸ್ ಇರುವುದು ರ‍್ಯಾಮಿನಲ್ಲಿ. ಸಂಪರ್ಕ ಕಡಿದರೆ ಕಾಪಾಡುತ್ತದೆ, ಯಂತ್ರ ಆರಿದರೆ ಅದೂ ಆರುತ್ತದೆ. ಅದಕ್ಕೆ ಬೇಕಾದದ್ದು ಯುಪಿಎಸ್, ಮತ್ತೆ ಬಿಟ್ಟಲ್ಲಿಂದ ಮುಂದುವರಿಯುವ ಅಭ್ಯಾಸ. ಆರ್‌ಸಿಂಕಿಗೆ ದೊಡ್ಡಕ್ಷರದ -ಪಿ ಹಾಕಿದರೆ ಅರ್ಧ ಬಂದ ಫೈಲನ್ನು ಬಿಸಾಡದೆ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಆಜ್ಞೆ ಕೊಟ್ಟರೆ ಹೋದ ಫೈಲುಗಳನ್ನು ಬಿಟ್ಟು ಮುಂದಿನದ್ದಕ್ಕೆ ಕೈ ಹಾಕುತ್ತದೆ.

ಯಂತ್ರ ಆರಿಲ್ಲ, ಆದರೂ ಕೆಲಸ ಸತ್ತಿದೆ ಅಂದರೆ ಸಂಪರ್ಕ ನೋಡಿ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಯುಪಿಎಸ್‌ಗೆ ಸಿಕ್ಕಿಸಿದ್ದೆ, ರೂಟರ್ ಸಿಕ್ಕಿಸಿರಲಿಲ್ಲ. ಕರೆಂಟ್ ಹೋದಾಗ ಉಪ್ಪರಿಗೆಯ ಯಂತ್ರ ಓಡುತ್ತಲೇ ಇತ್ತು, ಜಗುಲಿಯ ಲ್ಯಾಪ್‌ಟಾಪಿನಿಂದ ಹೋದ ಎಸ್‌ಎಸ್‌ಎಚ್ ಮಾತ್ರ ಕಡಿಯಿತು. ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯ ಯಂತ್ರಕ್ಕೆ ಇದು ಗೊತ್ತಾಗುತ್ತದೆ. ಆಗ ಶೆಲ್ಲಿಗೆ ಹ್ಯಾಂಗಪ್ ಸಂಕೇತ ಹೋಗುತ್ತದೆ. ಸಂಕೇತಗಳ ಪಟ್ಟಿಯಲ್ಲಿ ಇದು 1ನೇ ನಂಬರ್. ಮೋಡೆಮ್ ಫೋನ್ ಲೈನ್ ಕೆಳಗಿಟ್ಟಿತು ಅನ್ನುವ ಕಾಲದ ಹೆಸರು. ಶೆಲ್ ಅದನ್ನು ತನ್ನ ಎಲ್ಲ ಕೆಲಸಗಳಿಗೂ ಹಂಚುತ್ತದೆ, ಓಡುವುದಕ್ಕೂ ನಿಂತದ್ದಕ್ಕೂ. ಹೆಚ್ಚಿನವು ಅಲ್ಲೇ ಸಾಯುತ್ತವೆ. & ಹಾಕಿದ್ದು ಇಲ್ಲಿ ಕಾಪಾಡುವುದಿಲ್ಲ.

ಶುರು ಮಾಡುವಾಗಲೇ ನೆನಪಾದರೆ ನೋಹಪ್ ಮುಂದೆ ಹಾಕಿ ಶುರು ಮಾಡಿ. ಪರದೆಗೆ ಬರಬೇಕಾದದ್ದು ನೋಹಪ್.ಔಟ್ ಅನ್ನುವ ಫೈಲಿಗೆ ಹೋಗುತ್ತದೆ. ಶುರುವಾದ ಮೇಲೆ ನೆನಪಾದರೆ ಕಂಟ್ರೋಲ್-ಝಡ್, ಬಿಜಿ, ಆಮೇಲೆ ಡಿಸ್‌ಓನ್ -ಎಚ್ %1. ಆದರೆ ಹೀಗೆ ಬಿಟ್ಟುಕೊಟ್ಟ ಕೆಲಸ ಪರದೆಗೆ ಏನಾದರೂ ಬರೆಯಲು ಹೋಗಿ, ಪರದೆಯೇ ಇಲ್ಲದೆ ದೋಷ ಕೊಟ್ಟು ನಿಲ್ಲಬಹುದು. ಉದ್ದದ ಕೆಲಸಕ್ಕೆ ಟೀಮಕ್ಸೇ ಸರಿ. ಟೀಮಕ್ಸ್ ನ್ಯೂ -ಎಸ್ ಮಳೆ ಅಂತ ಶುರು ಮಾಡುವುದು, ಕಂಟ್ರೋಲ್-ಬಿ ಒತ್ತಿ ಬಿಟ್ಟು ಡಿ ಒತ್ತಿ ಹೊರಗೆ ಬರುವುದು. ಈ ಎರಡು ಕೈಗೆ ಬಂದರೆ ಮುಕ್ಕಾಲು ಕೆಲಸ ಆಯಿತು. ಕಂಟ್ರೋಲ್-ಬಿ ಆಮೇಲೆ ಸಿ ಒತ್ತಿದರೆ ಹೊಸ ಕಿಟಕಿ, ಎನ್ ಒತ್ತಿದರೆ ಮುಂದಿನದ್ದು, ಚೌಕ ಕಂಸ [ ಒತ್ತಿದರೆ ಹಳೆಯ ಸಾಲುಗಳು.

ಲಾಗ್‌ಔಟ್ ಆದ ಕೂಡಲೇ ಟೀಮಕ್ಸ್ ಸಮೇತ ಎಲ್ಲ ಸಾಯುತ್ತಿದ್ದರೆ ಕಾರಣ ಬೇರೆ. ಲಿನಕ್ಸಿನಲ್ಲಿ ಕೆಲಸಗಳನ್ನು ಶುರು ಮಾಡಿ ನೋಡಿಕೊಳ್ಳುವ ತಂತ್ರಾಂಶ ಸಿಸ್ಟಂಡಿ. 2016ರಲ್ಲಿ ಬಂದ ಅದರ 230ನೇ ಆವೃತ್ತಿಯಿಂದ, ಬಳಕೆದಾರ ಹೊರಗೆ ಹೋದರೆ ಅವನ ಕೆಲಸಗಳನ್ನೆಲ್ಲ ಗುಡಿಸಿಹಾಕುವುದೇ ಅದರ ಪೂರ್ವನಿಗದಿ. ಡೆಬಿಯನ್ ಅದನ್ನು ಬೇಡ ಅಂತ ಇಟ್ಟಿದೆ, ಬೇರೆ ಕೆಲವು ಲಿನಕ್ಸ್‌ಗಳಲ್ಲಿ ಇರಬಹುದು. ಲಾಗಿಂಡಿ.ಕಾನ್ಫ್ ಫೈಲಿನಲ್ಲಿ ಕಿಲ್‌ಯೂಸರ್‌ಪ್ರೊಸೆಸಸ್ ಅನ್ನುವ ಸಾಲು ನೋಡಿ.

ಯಂತ್ರವೂ ಆರಿಲ್ಲ, ಸಂಪರ್ಕವೂ ಕಡಿದಿಲ್ಲ, ಪರದೆಯ ಮೇಲೆ 'ಕಿಲ್ಡ್' ಅಂತ ಒಂದೇ ಪದ ಬಿದ್ದಿದೆ. ಹಾಗಿದ್ದರೆ ಸುಡೊ ಡಿಮೆಸೇಜ್ ನೋಡಬೇಕು. ಡಿ ಅಕ್ಷರ ಬರೆದು ಅದರ ಮುಂದೆ ಎಂಇಎಸ್‌ಜಿ. ಅದರಲ್ಲಿ 'ಔಟ್ ಆಫ್ ಮೆಮೊರಿ' ಕಂಡರೆ ರ‍್ಯಾಮ್ ಸಾಲದೆ ಕರ್ನಲ್ ತಾನೇ ಒಂದನ್ನು ಬಲಿ ಕೊಟ್ಟಿದೆ. ನನ್ನ 2 ಜಿಬಿಯಲ್ಲಿ ಎರಡು ದೊಡ್ಡ ಫೋಟೊ ಒಟ್ಟಿಗೆ ಚಿಕ್ಕದು ಮಾಡಲು ಹೋದಾಗ ಹೀಗಾಯಿತು. ಬಹುಕೆಲಸ ಅಂದರೆ ಎಲ್ಲವನ್ನೂ ಒಂದೇ ಹಂಡೆಗೆ ತುಂಬುವುದಲ್ಲ. ಫೋಟೊ ಒಂದೊಂದಾಗಿ ಬರಲಿ ಅಂತ ಸ್ಕ್ರಿಪ್ಟ್ ಬದಲಿಸಿದೆ, ಸ್ವಲ್ಪ ಸ್ವ್ಯಾಪ್ ಜಾಗವನ್ನೂ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಕೊಟ್ಟೆ.

ಸ್ಥಿತಿ ಡಿ ಅಂತ ಇದ್ದು ಹಾಗೇ ಕೂತಿದ್ದರೆ ಬಲವಂತವಾಗಿ ಕೊಲ್ಲುವ ಕಿಲ್ -9 ಕೂಡ ಮುಟ್ಟುವುದಿಲ್ಲ. ಡಿಸ್ಕ್ ಉತ್ತರ ಕೊಡುವವರೆಗೂ ಅದು ಕದಲುವುದಿಲ್ಲ. ನನ್ನ ಹೊರಗಿನ ಯುಎಸ್‌ಬಿ ಡಿಸ್ಕಿನ ತಂತಿಯ ಮೂತಿಗೆ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದಿತ್ತು. ಒರೆಸಿ, ಬೇರೆ ತಂತಿ ಹಾಕಿದ ಮೇಲೆ ಸರಿಯಾಯಿತು.

ಎರಡು ಸಲ ಓಡಿದ ಮಳೆ

ಈಗ ಮೊದಲು ಹೇಳಿದ ಆ ತಪ್ಪು. ನನ್ನ ಸ್ಕ್ರಿಪ್ಟ್ ಒಂದು ವರ್ಷದ ಒಟ್ಟು ಫೈಲನ್ನು ಮೊದಲು ಖಾಲಿ ಮಾಡುತ್ತದೆ. ಆಮೇಲೆ ಜನವರಿಯಿಂದ ಡಿಸೆಂಬರ್‌ವರೆಗೆ ಒಂದೊಂದೇ ಪುಟದ ಫೋಟೊ ಚಿಕ್ಕದು ಮಾಡಿ, ಅದರ ಅಂಕಿಯನ್ನು ಕೊನೆಗೆ ಸೇರಿಸುತ್ತಾ ಹೋಗುತ್ತದೆ. ಜೂನ್ ಮುಗಿದಿತ್ತು. ಅಷ್ಟರಲ್ಲಿ ಒಂದು ಅಂಕಿ ತಪ್ಪಾಗಿದೆ ಅಂತ ಕಂಡಿತು, ನಿಲ್ಲಿಸೋಣ ಅಂತ ಕಂಟ್ರೋಲ್-ಸಿ ಬದಲು ಕಂಟ್ರೋಲ್-ಝಡ್ ಒತ್ತಿದೆ. ಸರಿಪಡಿಸಿ ಮತ್ತೆ ಶುರು ಮಾಡಿದೆ. ಪೂರ್ತಿ ಓಡಿತು. ಕೊನೆಗೆ ಎಕ್ಸಿಟ್ ಕೊಟ್ಟರೆ, ನಿಂತ ಕೆಲಸಗಳಿವೆ ಅಂತ ಶೆಲ್ ಎಚ್ಚರಿಸಿತು. ಏನದು ನೋಡೋಣ ಅಂತ ಎಫ್‌ಜಿ ಕೊಟ್ಟೆ. ಮೊದಲನೆಯದು ನಿಂತಲ್ಲಿಂದ ಎದ್ದು, ಜುಲೈಯಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಸೇರಿಸಿ ಮುಗಿಸಿತು. ಯಾವ ದೋಷದ ಸಾಲೂ ಬರಲಿಲ್ಲ.

ಆ ವರ್ಷದ ತಿಂಗಳವಾರು ಮಳೆಯನ್ನು ಅಚ್ಚು ಹಾಕಿ ಜಗುಲಿಯಲ್ಲಿ ಕೂತಿದ್ದ ಅಪ್ಪನ ಕೈಗೆ ಕೊಟ್ಟೆ. ಜೂನ್‌ವರೆಗೆ ಬೆರಳಿಟ್ಟು ಇಳಿದರು. ಜುಲೈ ಮೇಲೆ ಬೆರಳು ನಿಂತಿತು.

"ಆ ವರ್ಷ ಇಷ್ಟು ಹೊಯ್ದಿದ್ರೆ ಕೊಳೆಗೆ ಔಷಧಿ ಹೊಡೆಯೋಕೆ ಒಂದು ಹೊಳವೂ ಸಿಗ್ತಿರ್ಲಿಲ್ಲ. ನಾವು ಎರಡನೇ ಸಲ ಹೊಡೆದಿದ್ವಿ, ನಂಗೆ ನೆನಪಿದೆ. ಇದು ತಪ್ಪು."

ಅಡಿಕೆ ಬೆಳೆಯುವವರಿಗೆ ಇದು ಅರ್ಥವಾಗುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಮತ್ತೊಮ್ಮೆ ಹೊಡೆಯುತ್ತಾರೆ. ಆ ಎರಡನೆಯದಕ್ಕೆ ಮಳೆ ಬಿಡುವು ಕೊಡಬೇಕು. ಅಪ್ಪನಿಗೆ ಆ ಬಿಡುವು ನೆನಪಿತ್ತು, ಹಾಗಾಗಿ ದೋಷ ಸಿಕ್ಕಿತು. ಅವರು ನೋಡದಿದ್ದರೆ ಆ ತಪ್ಪು ಅಂಕಿ ಶಿವಮೊಗ್ಗಕ್ಕೂ ಹೋಗಿ ಕೂರುತ್ತಿತ್ತು.

ಇಂಥ ಫೈಲ್ ಪರೀಕ್ಷಿಸಲು ಸಾರ್ಟ್ ಆಜ್ಞೆಯ ಉತ್ತರವನ್ನು ಯೂನಿಕ್ -ಡಿ ಗೆ ಕೊಡಿ, ಯೂನಿಕ್ ಪದದ ಮೊದಲ ನಾಲ್ಕು ಅಕ್ಷರ ಮಾತ್ರ. ಎರಡು ಸಲ ಇರುವ ಸಾಲುಗಳು ಮಾತ್ರ ಬರುತ್ತವೆ. ಪ್ರತಿ ಸಾಲಿನ ಶುರುವಿಗೆ ವರ್ಷ, ತಿಂಗಳು, ದಿನ ಆ ಕ್ರಮದಲ್ಲಿ ಇದ್ದರೆ ಸಾರ್ಟ್ -ಯು ಕೊಟ್ಟು ಸರಿಪಡಿಸಬಹುದು. ಉತ್ತರವನ್ನು ಅದೇ ಫೈಲಿಗೆ ಬರೆಯಬೇಕಿದ್ದರೆ -ಒ ಬಳಸಿ. > ಗುರುತು ಹಾಕಿ ಅದೇ ಫೈಲಿಗೆ ತಿರುಗಿಸಿದರೆ ಸಾರ್ಟ್ ಓದುವ ಮೊದಲೇ ಫೈಲ್ ಖಾಲಿ ಆಗುತ್ತದೆ. ಆಮೇಲೆ ಡಬ್ಲ್ಯುಸಿ -ಎಲ್ ಹಾಕಿ ಸಾಲು ಎಣಿಸಿ. 365 ಬರಬೇಕು, ಅಧಿಕ ವರ್ಷ ಆದರೆ 366.

ಮತ್ತೆ ಹೀಗಾಗದಂತೆ ಎಫ್‌ಲಾಕ್ ಹಾಕಿದ್ದೇನೆ. ಎಫ್‌ಲಾಕ್ -ಎನ್ ಬರೆದು, ಒಂದು ಬೀಗದ ಫೈಲಿನ ಹೆಸರು, ಅದರ ಮುಂದೆ ಸ್ಕ್ರಿಪ್ಟಿನ ಹೆಸರು. ಒಂದು ಪ್ರತಿ ಬೀಗ ಹಿಡಿದಿರುವಷ್ಟು ಹೊತ್ತು ಎರಡನೆಯದು ಶುರುವೇ ಆಗುವುದಿಲ್ಲ. ಕಂಟ್ರೋಲ್-ಝಡ್ ಒತ್ತಿ ನಿಲ್ಲಿಸಿದ ಕೆಲಸವೂ ಬೀಗ ಬಿಡುವುದಿಲ್ಲ, ನನಗೆ ಬೇಕಿದ್ದದ್ದು ಅದೇ. ಕೆಲಸ ಸತ್ತರೆ ಅಥವಾ ಕರೆಂಟ್ ಹೋದರೆ ಬೀಗ ತಾನಾಗಿ ಬಿಡುತ್ತದೆ, ಕೈಯಲ್ಲಿ ಏನೂ ಅಳಿಸಬೇಕಿಲ್ಲ. ಒಂದು ವಿಷಯ ಮಾತ್ರ ಗೊತ್ತಿರಲಿ: ಬೀಗ ಸಿಗದಿದ್ದರೆ ಎಫ್‌ಲಾಕ್ ಏನೂ ಹೇಳದೆ ಸುಮ್ಮನೆ ಹಿಂದೆ ಬರುತ್ತದೆ. ಸ್ಕ್ರಿಪ್ಟ್ ಕ್ಷಣದಲ್ಲಿ ಮುಗಿದ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಎಕೋ $? ಹೊಡೆಯಿರಿ. 1 ಅಂತ ಬಂದರೆ ಪಿಎಸ್ ಎಕ್ಸ್ ಕೊಟ್ಟು ದೊಡ್ಡ ಟಿ ಎಲ್ಲಿದೆ ಹುಡುಕಿ.